ಲ್ಯಾಪ್‌ಟಾಪು ಚಾಲೂ ಆಗದಿದ್ದರೆ ಮಾಡಬೇಕಾದುದೇನು?



ಪಂಪ್‌ಸೆಟ್ಟು ನೀರೆತ್ತದೆ ನಿಂತರೆ ನಾವು ಯಾರೂ ಕೂಡಲೆ ಮೋಟಾರನ್ನು ಬಾವಿಯಿಂದ ಮೇಲಕ್ಕೆತ್ತುವುದಿಲ್ಲ. ಕರೆಂಟು ಬಂದಿದೆಯೇ, ಫ್ಯೂಸು ಹೋಗಿದೆಯೇ, ಸ್ಟಾರ್ಟರು ಸರಿಯಾಗಿದೆಯೇ ಎಂದು ಮೊದಲು ನೋಡುತ್ತೇವೆ. ಲ್ಯಾಪ್‌ಟಾಪಿಗೂ ಇದೇ ಕ್ರಮ ಸಲ್ಲುತ್ತದೆ.

ಮಕ್ಕಳ ಓದಿಗೆ, ಸ್ವಸಹಾಯ ಸಂಘದ ಲೆಕ್ಕಕ್ಕೆ, ಪಹಣಿ ನೋಡುವುದಕ್ಕೆ ಈ ಯಂತ್ರ ಈಗ ಹಳ್ಳಿಯ ಮನೆಗಳಿಗೂ ಬಂದಿದೆ. ಅದು ಒಂದು ದಿನ ಚಾಲೂ ಆಗದಿದ್ದರೆ ಗಾಬರಿಯಿಂದ ಪೇಟೆಗೆ ಒಯ್ದು, ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಿಕೊಡಿ ಎನ್ನುವವರುಂಟು. ಹಾಗೆ ಅಳಿಸಿದರೆ ಯಂತ್ರ ಉಳಿದೀತು. ಆದರೆ ಅದರೊಳಗಿನ ಲೆಕ್ಕಪತ್ರ, ಮಗಳ ಓದಿನ ಟಿಪ್ಪಣಿ, ಮನೆಯವರ ಫೋಟೋಗಳು ಹೋಗುತ್ತವೆ. ಯಂತ್ರಕ್ಕೆ ಬದಲಿ ಸಿಕ್ಕೀತು, ಇವಕ್ಕೆ ಸಿಕ್ಕದು. ಆದಕಾರಣ ಕೆಳಗಿನ ಕ್ರಮವನ್ನು ಒಂದೊಂದಾಗಿ ಅನುಸರಿಸುವುದು ಒಳ್ಳೆಯದು.

1. ದೀಪವೇ ಹತ್ತದಿದ್ದರೆ

ಅದೇ ಪ್ಲಗ್ಗಿಗೆ ಮೊಬೈಲು ಚಾರ್ಜರು ಹಾಕಿ ಕರೆಂಟು ಇದೆಯೇ ನೋಡಿರಿ. ಲ್ಯಾಪ್‌ಟಾಪಿನ ಚಾರ್ಜರಿನ ತಂತಿಯನ್ನು ಇಲಿ ಕಡಿದಿದೆಯೇ, ತುದಿ ಸಡಿಲವಾಗಿದೆಯೇ ಪರೀಕ್ಷಿಸಿರಿ. ನೆರೆಮನೆಯ ಚಾರ್ಜರು ಹಾಕುವುದಾದರೆ ತುದಿ ಕೂಡುವುದಷ್ಟೇ ಸಾಲದು; ಅದರ ಮೇಲೆ ಬರೆದ ಔಟ್‌ಪುಟ್ ವೋಲ್ಟು ನಿಮ್ಮದಕ್ಕೆ ಸಮನಾಗಿರಬೇಕು, ಆಂಪಿಯರು ಸಮ ಅಥವಾ ಹೆಚ್ಚಿರಬೇಕು.

ಬಹುದಿನ ಮುಟ್ಟದೆ ಇಟ್ಟ ಯಂತ್ರವಾದರೆ ಬ್ಯಾಟರಿ ಪೂರ್ತಿ ಇಳಿದಿರುತ್ತದೆ. ಚಾರ್ಜಿಗೆ ಹಾಕಿ ಒಂದು ಗಂಟೆ ಬಿಟ್ಟು ನೋಡಿರಿ. ಆಗಲೂ ಏಳದಿದ್ದರೆ ಚಾರ್ಜರು, ಮೌಸು, ಪೆನ್‌ಡ್ರೈವು ಎಲ್ಲವನ್ನೂ ತೆಗೆಯಿರಿ. ಬ್ಯಾಟರಿ ಹೊರಗೆ ಬರುವಂಥದಾದರೆ ಅದನ್ನೂ ತೆಗೆಯಿರಿ. ಚಾಲೂ ಗುಂಡಿಯನ್ನು 30 ಸೆಕೆಂಡು ಒತ್ತಿ ಹಿಡಿಯಿರಿ. ಒಳಗೆ ತಂಗಿ ನಿಂತ ವಿದ್ಯುತ್ತು ಇದರಿಂದ ಇಳಿದುಹೋಗುತ್ತದೆ. ಬಳಿಕ ಚಾರ್ಜರು ಮಾತ್ರ ಹಾಕಿ ಗುಂಡಿ ಒತ್ತಿರಿ. ಸತ್ತಂತೆ ಕಾಣುವ ಯಂತ್ರಗಳು ಎಷ್ಟೋ ಸಲ ಇಷ್ಟರಿಂದಲೇ ಏಳುತ್ತವೆ.

2. ದೀಪ ಹತ್ತಿಯೂ ಪರದೆ ಕಪ್ಪಗಿದ್ದರೆ

ಕ್ಯಾಪ್ಸ್ ಲಾಕ್ ಕೀಲಿ ಒತ್ತಿದಾಗ ಅದರ ದೀಪ ಹತ್ತಿ ಆರಿದರೆ ಯಂತ್ರ ಒಳಗೆ ಕೆಲಸ ಮಾಡುತ್ತಿದೆ, ಪರದೆಯದೇ ದೋಷ ಎಂದು ಊಹಿಸಬಹುದು. ಎಚ್‌ಡಿಎಂಐ ತಂತಿಯಿಂದ ಟೀವಿಗೆ ಜೋಡಿಸಿ ನೋಡಿರಿ. ಟೀವಿಯಲ್ಲಿ ಚಿತ್ರ ಬಂದರೆ ಒಳಗಿನ ದಾಖಲೆಗಳನ್ನು ಆಗಲೇ ಪೆನ್‌ಡ್ರೈವಿಗೆ ಇಳಿಸಿಕೊಳ್ಳಬಹುದು. ಬೀಪ್ ಎಂಬ ಸದ್ದು ಬಂದರೆ ಎಷ್ಟು ಬಾರಿ ಬಂತೆಂದು ಎಣಿಸಿ ಬರೆದಿಡಿರಿ. ದೋಷ ಎಲ್ಲಿದೆ ಎಂದು ರಿಪೇರಿಯವರಿಗೆ ಅದರಿಂದ ತಿಳಿಯುತ್ತದೆ.

3. ಚಾಲೂ ಆಗಿ ನಡುವೆ ನಿಂತರೆ

ಪೆನ್‌ಡ್ರೈವು ಸಿಕ್ಕಿಸಿದ್ದರೆ ತೆಗೆಯಿರಿ. ಪದೇ ಪದೇ ವಿಫಲವಾದ ಮೇಲೆ ವಿಂಡೋಸ್ ತಾನಾಗಿಯೇ ದುರಸ್ತಿಯ ಪುಟವನ್ನು ತೋರಿಸುತ್ತದೆ. ಅಲ್ಲಿ ‘ಸ್ಟಾರ್ಟಪ್ ರಿಪೇರ್’ ಎಂಬುದನ್ನು ಆರಿಸಬಹುದು. ‘ರೀಸೆಟ್’ ಎಂಬುದನ್ನು ಮುಟ್ಟಕೂಡದು. 48 ಅಂಕಿಯ ಬಿಟ್‌ಲಾಕರ್ ಕೀಲಿ ಕೇಳಿದರೆ, ಯಂತ್ರಕ್ಕೆ ಜೋಡಿಸಿದ ಮೈಕ್ರೋಸಾಫ್ಟ್ ಖಾತೆಯಲ್ಲಿ ಅದು ಸಾಮಾನ್ಯವಾಗಿ ದೊರೆಯುತ್ತದೆ.

2024ರ ಜುಲೈ 19ರಂದು ಪ್ರಪಂಚದಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಚಾಲೂ ಆಗದೆ ನಿಂತವು. ವಿಮಾನ ನಿಲ್ದಾಣ, ಆಸ್ಪತ್ರೆಗಳ ಕೆಲಸವೂ ಕೆಟ್ಟಿತು. ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿಯ ರಕ್ಷಣಾ ತಂತ್ರಾಂಶದ ಒಂದು ಕಡತ ತಪ್ಪಾಗಿ ಬಂದುದೇ ಕಾರಣ. ‘ಸೇಫ್ ಮೋಡ್’ನಲ್ಲಿ ತೆರೆದು ಆ ಕಡತವನ್ನು ತೆಗೆದಾಗ ಯಂತ್ರಗಳು ಎದ್ದವು. ಏಳದ ಯಂತ್ರವೆಲ್ಲ ಕೆಟ್ಟ ಯಂತ್ರವಲ್ಲವೆಂಬುದಕ್ಕೆ ಇದೇ ಸಾಕ್ಷಿ.

4. ಮಾಡಕೂಡದ ಕೆಲಸಗಳು

ಒಳಗಿನಿಂದ ಟಿಕ್ ಟಿಕ್ ಸದ್ದು ಬಂದರೆ ಹಾರ್ಡ್ ಡಿಸ್ಕಿಗೆ ಪೆಟ್ಟಾಗಿರಬಹುದು. ಮತ್ತೆ ಮತ್ತೆ ಚಾಲೂ ಮಾಡಿದಷ್ಟೂ ಹಾನಿ ಹೆಚ್ಚು. ನೀರು ಬಿದ್ದಿದ್ದರೆ ಗುಂಡಿ ಒತ್ತದೆ, ಚಾರ್ಜರು ತೆಗೆದು, ರಿಪೇರಿಗೆ ಕೊಡಿರಿ. ತಳ ಉಬ್ಬಿದ್ದರೆ ಬ್ಯಾಟರಿ ಊದಿಕೊಂಡಿರಬಹುದು; ಚಾರ್ಜು ಮಾಡುವುದು, ಒತ್ತುವುದು, ಚುಚ್ಚುವುದು ಬೆಂಕಿಗೆ ಆಹ್ವಾನ. ಅಂಥ ಬ್ಯಾಟರಿಯನ್ನು ತಿಪ್ಪೆಗೂ ಎಸೆಯಬಾರದು.

5. ಪೇಟೆಗೆ ಒಯ್ಯುವಾಗ

ಏನೇನು ಮಾಡಿ ನೋಡಿದಿರಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿರಿ. ಮೊದಲು ಒಳಗಿನ ದಾಖಲೆಗಳನ್ನು ಬೇರೆಡೆ ಇಳಿಸಿ, ಆಮೇಲೆ ದುರಸ್ತಿ ಮಾಡಿರಿ. ಕೇಳದೆ ಫಾರ್ಮ್ಯಾಟ್ ಮಾಡಕೂಡದು ಎಂದು ರಸೀತಿಯ ಮೇಲೆಯೇ ಬರೆಸಿರಿ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಫಲವಿಲ್ಲ. ಬಿತ್ತನೆ ಬೀಜವನ್ನು ಊಟದ ಕಾಳಿನಿಂದ ಬೇರೆ ತೆಗೆದಿಡುವವರು ನಾವು. ಹಾಗೆಯೇ ಯಂತ್ರ ಚೆನ್ನಾಗಿರುವಾಗಲೇ ಮುಖ್ಯ ದಾಖಲೆಗಳ ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ತೆಗೆದು ಪೆಟ್ಟಿಗೆಯಲ್ಲಿಡಿರಿ. ತಿಂಗಳಿಗೊಮ್ಮೆ ಅದನ್ನು ಹೊಸದು ಮಾಡಿರಿ. ಆಗ ಲ್ಯಾಪ್‌ಟಾಪು ನಿಂತರೂ ಮನೆಯ ಕೆಲಸ ನಿಲ್ಲುವುದಿಲ್ಲ.