ತನ್ನವರ ಕಥೆಗೆ ತಾನೇ ಲೇಖನಿ ಹಿಡಿದ ನಟ

ಸಿನಿಮಾ ನಟನ ಬಗ್ಗೆ ಬರಹವೇ ಎಂದು ಹುಬ್ಬೇರಿಸಬೇಡಿ. ಸ್ವಲ್ಪ ಓದಿ ನೋಡಿ.

2006ರ ಮಾತು. ಬರ್ಲಿನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದ ಚಿತ್ರದಲ್ಲಿ ನಟಿಸಿ ಮರಳುತ್ತಿದ್ದ ಯುವಕನನ್ನು ಬ್ರಿಟನ್ನಿನ ಲೂಟನ್ ವಿಮಾನ ನಿಲ್ದಾಣದಲ್ಲಿ ತಡೆದು ಪ್ರಶ್ನಿಸಲಾಯಿತು. ಮುಸ್ಲಿಮರ ಹೋರಾಟಕ್ಕೆ ನೆರವಾಗಲೆಂದೇ ನಟನಾದೆಯಾ ಎಂದೂ ಕೇಳಿದರಂತೆ! ಆ ಚಿತ್ರವಾದರೋ ಗ್ವಾಂಟನಾಮೊದಲ್ಲಿ ಆರೋಪಪಟ್ಟಿಯೇ ಇಲ್ಲದೆ ಕೊಳೆತ ಬ್ರಿಟಿಷ್ ಮುಸ್ಲಿಮ್ ಯುವಕರ ಕಥೆ.

ಆ ಯುವಕನೇ ರಿಝ್ ಅಹ್ಮದ್. ಕರಾಚಿಯಿಂದ ವಲಸೆ ಹೋದ ದಂಪತಿಯ ಮಗ. 1982ರಲ್ಲಿ ಲಂಡನ್ನಿನಲ್ಲಿ ಜನನ, ಆಕ್ಸ್‌ಫರ್ಡ್‌ನಲ್ಲಿ ಪದವಿ. ಇಷ್ಟೆಲ್ಲ ಇದ್ದರೂ ಕಂದು ಬಣ್ಣದವನಿಗೆ ಮೊದಲು ಕಾದಿರುವುದು ಭಯೋತ್ಪಾದಕ, ಟ್ಯಾಕ್ಸಿ ಚಾಲಕ ಅಥವಾ ಅಂಗಡಿಯವನ ಪಾತ್ರ ಎಂದು 2016ರ ಪ್ರಬಂಧವೊಂದರಲ್ಲಿ ಅವರು ಬರೆದರು. ಬಣ್ಣದ ಗೊಡವೆಯೇ ಇಲ್ಲದ ಪಾತ್ರ ಅವರ ಕನಸು.

'ಸೌಂಡ್ ಆಫ್ ಮೆಟಲ್' ಚಿತ್ರದಲ್ಲಿ ಅದು ಕೈಗೂಡಿತು. ಶ್ರವಣಶಕ್ತಿ ಕಳೆದುಕೊಳ್ಳುವ ಡ್ರಮ್ ವಾದಕನ ಪಾತ್ರಕ್ಕಾಗಿ ತಿಂಗಳುಗಟ್ಟಲೆ ಡ್ರಮ್ ಬಾರಿಸಲು, ಸಂಜ್ಞಾ ಭಾಷೆಯಲ್ಲಿ ಮಾತಾಡಲು ಕಲಿತರು. 2021ರಲ್ಲಿ ಅತ್ಯುತ್ತಮ ನಟ ವಿಭಾಗದಲ್ಲಿ ಆಸ್ಕರ್‌ಗೆ ನಾಮನಿರ್ದೇಶನಗೊಂಡ ಮೊದಲ ಮುಸ್ಲಿಮ್ ಎಂದು ಪತ್ರಿಕೆಗಳು ಬರೆದವು.

ಆದರೆ ನನಗೆ ಹೆಚ್ಚು ಹಿಡಿಸಿದ್ದು ಅವರ ಬರವಣಿಗೆ. ನಿರ್ದೇಶಕ ಬಸ್ಸಾಮ್ ತಾರಿಕ್ ಜೊತೆ ಬರೆದ 'ಮೊಗಲ್ ಮೌಗ್ಲಿ'ಯಲ್ಲಿ (2020) ಗಾಯಕನೊಬ್ಬ ಕಾಯಿಲೆ ಬಿದ್ದು ಹೆತ್ತವರ ಮನೆ ಸೇರುತ್ತಾನೆ. ತಂದೆ ಬಾಯಿ ಬಿಟ್ಟು ಹೇಳದ ದೇಶ ವಿಭಜನೆಯ ರೈಲು ಮಗನ ಕನಸಿಗೆ ಬರುತ್ತದೆ.

2022ರಲ್ಲಿ ಆಸ್ಕರ್ ತಂದಿತ್ತದ್ದು ಅನೀಲ್ ಕಾರಿಯಾ ಜೊತೆಗೂಡಿ ಮಾಡಿದ 'ದ ಲಾಂಗ್ ಗುಡ್‌ಬೈ' ಎಂಬ ಹನ್ನೆರಡು ನಿಮಿಷದ ಕಿರುಚಿತ್ರ. ಅದರಲ್ಲಿ ನಮ್ಮ ನಿಮ್ಮ ಮನೆಯಂಥದೇ ಒಂದು ಮನೆ. ಮದುವೆಯ ಸಡಗರ, ನಗು, ಗದ್ದಲ. ಆಗ ಬಂದೂಕು ಹಿಡಿದವರು ಬೀದಿಗೆ ಬಂದಿಳಿಯುತ್ತಾರೆ. ನೆರೆಯವರು ಕಿಟಕಿಯಿಂದ ನೋಡುತ್ತಾ ನಿಲ್ಲುತ್ತಾರೆ.