ಕಂಠದ ಮಾರ್ದವ

ಬಹುಕಾಲ ಪಾಠ ಹೇಳಿ ಜೀವಿಸಿದ ನಮಗೆ ಕಂಠವೇ ಬಂಡವಾಳವಾಗಿದ್ದಿತು. ಅದು ಕೆಟ್ಟರೆ ಸರಿಪಡಿಸುವ ಬಗೆಯುಂಟೆ ಎಂದು ವಾಚಕರು ಕೇಳಬಹುದು.

ಮಾತನಾಡುವಾಗ ಗಂಟಲಿನ ಎರಡು ಧ್ವನಿತಂತುಗಳು ಗಂಡಸರಲ್ಲಿ ಸೆಕೆಂಡಿಗೆ 100ಕ್ಕೂ, ಹೆಂಗಸರಲ್ಲಿ ಸುಮಾರು 200ಕ್ಕೂ ಮಿಗಿಲಾಗಿ ಕಂಪಿಸುವುವು. ಅವುಗಳ ಹೊರಪೊರೆಯ ಕೆಳಗೆ ನೀರನ್ನು ಹಿಡಿದಿಟ್ಟು ಮಾರ್ದವವನ್ನೀಯುವ ಲೋಳೆಯಂತಹ ದ್ರವ್ಯವೊಂದುಂಟು. ಹೈಯಲುರಾನಿಕ್ ಆಮ್ಲವೆಂದು ಅದರ ಹೆಸರು. 1934ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದ ಕಾರ್ಲ್ ಮೇಯರ್, ಜಾನ್ ಪಾಮರ್ ಎಂಬವರು ಇದನ್ನು ಮೊದಲು ದನದ ಕಣ್ಣಿನಿಂದ ಬೇರ್ಪಡಿಸಿದರು.

ಧ್ವನಿತಂತುವಿನ ಗಾಯವು ಮಾಗಿ ಕಲೆಗಟ್ಟಿದರೆ ಆ ಮೃದುವಾದ ಪದರವು ಗಡುಸಾಗುವುದು. ಕಂಪನ ಕುಗ್ಗಿ ಸ್ವರವು ಒಡೆಯುವುದು. ಆಗ ವೈದ್ಯರು ಇದೇ ದ್ರವ್ಯವನ್ನು ಸೂಜಿಯಿಂದ ತಂತುವಿನೊಳಗೆ ಸೇರಿಸುವುದುಂಟು. ಸಹಜರೂಪದಲ್ಲಿ ಅದು ಬೇಗನೆ ಕರಗಿಹೋಗುವುದರಿಂದ, ಅದರ ಎಳೆಗಳನ್ನು ಒಂದಕ್ಕೊಂದು ಬೆಸೆದು ತಿಂಗಳುಗಟ್ಟಲೆ ನಿಲ್ಲುವಂತೆ ಸಿದ್ಧಪಡಿಸಿರುವರು. ಇದರಿಂದ ತಂತುಗಳು ಚೆನ್ನಾಗಿ ಕೂಡಿಕೊಂಡು ಧ್ವನಿ ಸುಧಾರಿಸಬಹುದು. ಆದರೆ ಕಲೆಯನ್ನೇ ಅಳಿಸಿ ಮೊದಲಿನ ಪದರವನ್ನು ಪೂರ್ಣವಾಗಿ ಮರಳಿಸುವ ಚಿಕಿತ್ಸೆ ಇನ್ನೂ ಸಿದ್ಧಿಸಿಲ್ಲ. ಪ್ರಯೋಗಶಾಲೆಗಳಲ್ಲಿ ಆ ಯತ್ನವು ನಡೆದಿದೆ.

ಆದುದರಿಂದ ಇರುವ ಕಂಠವನ್ನು ಕಾಪಾಡಿಕೊಳ್ಳುವುದೇ ಜಾಣತನ. ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ಕಿರಿಚಿ ಮಾತನಾಡಬಾರದು. ಬೇಕಾದಷ್ಟು ನೀರು ಕುಡಿಯಬೇಕು. ಗಂಟಲು ಕಟ್ಟಿದಾಗ ಅದಕ್ಕೆ ವಿಶ್ರಾಂತಿ ಕೊಡಬೇಕು. ಮೂರು ವಾರ ಕಳೆದರೂ ಸ್ವರವು ತಿಳಿಯಾಗದಿದ್ದರೆ ಕಷಾಯವನ್ನೇ ನಂಬಿ ಕೂರದೆ ವೈದ್ಯರಿಗೆ ತೋರಿಸತಕ್ಕದ್ದು.