ಟೋಪಿಯೇರಿದ ಗಂಡಭೇರುಂಡ

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವಾಗ ಮಾಚೇನಹಳ್ಳಿ ಸಿಗುತ್ತದೆ. ರಾಜ್ಯ ಮೀಸಲು ಪೊಲೀಸ್ ಪಡೆಯ 8ನೇ ಬೆಟಾಲಿಯನ್ ಇರುವುದು ಇಲ್ಲೇ. ಕರ್ನಾಟಕ ಪೊಲೀಸರ ಲಾಂಛನದಲ್ಲಿರುವ ಎರಡು ತಲೆಯ ಹಕ್ಕಿಯನ್ನು ದಿನವೂ ನೋಡುತ್ತೇವೆ, ಗಮನಿಸುವುದು ಅಪರೂಪ.

ಈ ಗಂಡಭೇರುಂಡ ನಮ್ಮ ಜಿಲ್ಲೆಗೆ ಹಳೆಯ ನೆಂಟ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ 1047ರಲ್ಲಿ ಚಾವುಂಡರಾಯರಸ ನಿಲ್ಲಿಸಿದ ಕಂಬದ ಭೇರುಂಡಕ್ಕೆ ಮೈ ಮನುಷ್ಯನದು, ತಲೆ ಮಾತ್ರ ಹಕ್ಕಿಯದು. ಕೆಳದಿಯ ದೇವಸ್ಥಾನದ ಛಾವಣಿಗೆ ಬರುವ ಹೊತ್ತಿಗೆ ಅದು ಪೂರ್ತಿ ಹಕ್ಕಿಯಾಗಿದೆ. ಆನೆ, ಸಿಂಹಗಳನ್ನೇ ಹಿಡಿದು ಹಾರುವಷ್ಟು ಬಲ ಬಂದಿದೆ. ಮೈಸೂರು ಒಡೆಯರ ರಾಜಲಾಂಛನವಾಗಿದ್ದ ಅದೇ ಹಕ್ಕಿ ಈಗ ರಾಜ್ಯದ ಮುದ್ರೆಯಲ್ಲಿ ಕೆಂಪು ಗುರಾಣಿಯ ಮೇಲೆ ಬೆಳ್ಳಗೆ ಕೂತಿದೆ.

ಸೇನೆಗೂ ಅದು ಹೋಯಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ಕದನದಲ್ಲಿ ಜೋಧಪುರದವರ ಜೊತೆ ಹೋರಾಡಿದ ಮೈಸೂರು ಲ್ಯಾನ್ಸರ್ಸ್ ಕುದುರೆಪಡೆ ಮುಂದೆ ಬೇರೆ ಸಂಸ್ಥಾನಗಳ ಕುದುರೆಪಡೆಗಳೊಂದಿಗೆ ಸೇರಿ, 1953ರಲ್ಲಿ 61ನೇ ಕ್ಯಾವಲ್ರಿ ಆಯಿತು. ಆ ರೆಜಿಮೆಂಟಿನ ನೆಲೆ ಜೈಪುರ. ಟೋಪಿಯ ಬಿಲ್ಲೆಯ ಮೇಲಿನ ಹಕ್ಕಿ ಮಾತ್ರ ಮೈಸೂರಿನದೇ. ನಡುವೆ 61 ಎಂಬ ಅಂಕಿ, ಕೆಳಗಿನ ಪಟ್ಟಿಯಲ್ಲಿ ‘ಅಶ್ವ ಶಕ್ತಿ ಯಶೋಬಲ’.

ಬಿಲ್ಲೆಗೆ ಇದಕ್ಕಿಂತ ಒಪ್ಪುವ ಆಕೃತಿ ಸಿಗುವುದು ಕಷ್ಟ ಎಂದು ನನ್ನ ಎಣಿಕೆ. ಎಡ ಬಲ ಎರಡೂ ಒಂದೇ ತೂಕ. ಹರಡಿದ ರೆಕ್ಕೆ ಜಾಗವನ್ನೆಲ್ಲ ತುಂಬುತ್ತದೆ. ತಲೆಗಳು ಹೊರಮುಖವಾಗಿರುವುದರಿಂದ ಕಾವಲಿನ ಅರ್ಥ ಯಾರೂ ಹೇಳಿಕೊಡದೆ ಹೊಳೆಯುತ್ತದೆ. ದೂರದಿಂದ ಬರೀ ಹೊರಗೆರೆ ಕಂಡರೂ ಸಾಕು, ಗುರುತು ಸಿಗುತ್ತದೆ. ಕಲ್ಲಿನಲ್ಲಿ ಶಿಲ್ಪಿ ಗರಿಗರಿಯನ್ನೂ ಬಿಡಿಸಬಹುದು. ಬಿಲ್ಲೆ ಮಾಡುವವನಿಗೆ ಆ ಸೌಕರ್ಯವಿಲ್ಲ. ಉಕ್ಕಿನ ಅಚ್ಚಿನಲ್ಲಿ ಆಕೃತಿಯನ್ನು ತಿರುವುಮುರುವಾಗಿ ಕೊರೆದು, ಹಿತ್ತಾಳೆ ತಗಡಿನ ಮೇಲೆ ಒತ್ತಬೇಕು. ಗೆರೆ ತೀರ ಸಣ್ಣದಾದರೆ ಮೂಡುವುದಿಲ್ಲ. ಮೂಡಿದರೂ ಬ್ರಾಸೋ ಹಾಕಿ ದಿನಾ ತಿಕ್ಕುವ ಜವಾನನ ಕೈಯಲ್ಲಿ ಉಳಿಯುವುದಿಲ್ಲ. ಮೊದಲು ಸವೆಯುವುದು ಉಬ್ಬಿದ ಭಾಗ. ಹಾಗಾಗಿ ಹತ್ತಾರು ಗರಿಗಳ ಕೆಲಸವನ್ನು ನಾಲ್ಕಾರು ದಪ್ಪ ಗೆರೆಗಳಿಗೆ ವಹಿಸಬೇಕು. ಏನು ಬಿಡಬೇಕೆಂದು ತಿಳಿದವನೇ ಇಲ್ಲಿ ಜಾಣ.

  

ಆ ಹಳೆಯ ಹಕ್ಕಿಯನ್ನು ನೋಡಬೇಕೆನಿಸಿದರೆ, ಕೆಳದಿಗೆ ಸಾಗರದಿಂದ ಹೆಚ್ಚು ದೂರವಿಲ್ಲ. ರಾಮೇಶ್ವರ ದೇವಸ್ಥಾನದ ಆವರಣಕ್ಕೆ ಹೋದರೆ ದೇವರಿಗೆ ಕೈಮುಗಿದು ಹೊರಟುಬಿಡಬೇಡಿ, ಕತ್ತೆತ್ತಿ ಛಾವಣಿಯನ್ನೂ ಒಮ್ಮೆ ನೋಡಿ.